ಕಂಬಳಿಯ ಹೊರಗಿನ ಹೂಂ

ಸರಕು ನೋಡಿ ಬೆಲೆ ಕಟ್ಟುವುದಾದರೆ ಮೈಕಣ್ಣನನ್ನು ಯಾವ ಅಂಗಡಿಯವನೂ ಮುಂದಿನ ಸಾಲಿನಲ್ಲಿ ಇಡುತ್ತಿರಲಿಲ್ಲ. ಸಣಕಲು ಮೈ, ಒಂದು ಕಡೆಗೆ ವಾಲಿದ ಹೆಗಲು, ಇನ್ಯಾರದೋ ಅಳತೆಗೆ ಹೊಲಿದು ಇವನಿಗೆ ತೊಡಿಸಿದಂಥ ಅಂಗಿ. ನಡೆದರೆ ತಳ ನೆಗ್ಗಿದ ಪಾತ್ರೆಯನ್ನು ಕಲ್ಲಿನ ಮೇಲಿಟ್ಟ ಹಾಗೆ ಸಣ್ಣ ಅಲುಗಾಟ. ಗಂಟಲು ಮಾತ್ರ ಅಪ್ಪಟ ಕಂಚು. ಬೆರಳಿಂದ ಬಾರಿಸಿ ನೋಡುವ ಕೆಲಸವೇ ಇಲ್ಲ, ಬೀದಿಯ ಆ ತುದಿಯಿಂದಲೇ ತಿಳಿಯುತ್ತಿತ್ತು. ಹೀಗೆ ಅವನನ್ನು ತೂಗಿದವನು ಬೀದಿ ಮೂಲೆಯ ಪಾತ್ರೆ ಅಂಗಡಿಯವನು. ಇದನ್ನು ಬರೆಯುತ್ತಿರುವವನೂ ಅವನೇ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ‘ನಾನು’ ಅನ್ನುವುದು ಬಾಯಿಗೆ ಬಾರದಂತಾಗಿದೆ. ಇಲ್ಲೂ ಅಂಗಡಿಯವನು ಅಂತಲೇ ಇರಲಿ.

ಮೈಕಣ್ಣನ ಕಸುಬು ಊರಿಗೆ ಸುದ್ದಿ ಸಾರುವುದು. ಗಾಡಿಯ ತಲೆಗೆ ಕಟ್ಟಿದ ಸ್ಪೀಕರು, ಒಳಗೊಂದು ಡಬ್ಬಿ, ಅದರಲ್ಲಿ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡು. ಹೊಸ ಅಂಗಡಿ ತೆರೆದರೆ, ನಲ್ಲಿ ನೀರು ನಿಂತರೆ, ಯಾರದಾದರೂ ಹಸು ಕಳೆದರೆ ಅವನದೇ ದನಿ. ಆ ದನಿಯನ್ನು ಅವನು ಮನೆಯ ಒಳಕೋಣೆಯಲ್ಲಿ, ತಲೆಯ ಮೇಲೆ ಕಂಬಳಿ ಹೊದ್ದು, ಮೊದಲೇ ರೆಕಾರ್ಡು ಮಾಡಿಕೊಳ್ಳುತ್ತಿದ್ದ. ಕಂಬಳಿ ಯಾಕೆ ಅಂದರೆ ದನಿ ಗೋಡೆಗೆ ಬಡಿದು ವಾಪಸ್ಸು ಬರಬಾರದು.

ಇಷ್ಟಾದರೂ ಅವನಿಗೊಂದು ಕೊರತೆಯಿತ್ತು. ಬರೀ ಮೈಕಿನ ಮುಂದೆ ಬಾಯಿ ಏಳುತ್ತಿರಲಿಲ್ಲ. ಕೇಳಿಸಿಕೊಳ್ಳುವವರು ಬೇಕು, ಕೇಳಿಸಿತು ಅಂತ ತೋರಿಸುವವರು ಬೇಕು. ಅದಕ್ಕೆ ಹೆಂಡತಿ ಕಂಬಳಿಯ ಹೊರಗೆ ಗೋಡೆಗೊರಗಿ ಕೂತು, ಅವನ ಒಂದೊಂದು ಮಾತು ಮುಗಿದಾಗಲೂ ‘ಹೂಂ’ ಅನ್ನುತ್ತಿದ್ದಳು. ಆ ಹೂಂ ಬಂದ ಮೇಲೇ ಮುಂದಿನ ಮಾತು.

“ಮನೇಲಿ ಕೇಳಿದ್ದಕ್ಕೆ ಉತ್ತರ ಕೊಡೋಕೆ ಬಾಯಿಲ್ಲ, ಕಂಬಳಿ ಒಳಗೆ ಹೋದ್ರೆ ಊರಿಗೆಲ್ಲ ಉಪದೇಶ,” ಅಂತ ಅಂಗಡಿಯವನ ಮುಂದೆಯೇ ಗಂಡನನ್ನು ಕಿಚಾಯಿಸುವಳು. ಅಂಗಡಿಯವನು ಅವಳನ್ನು ಅತ್ತಿಗೆ ಅನ್ನುತ್ತಿದ್ದ.

ಅತ್ತಿಗೆಯ ಹೂಂ ಸುಲಭಕ್ಕೆ ಸಿಗುವ ಮಾಲಲ್ಲ. ಒಮ್ಮೆ ಅಂಗಡಿಯವನ ಹೊಸ ಬಾಣಲೆಗಳ ಜಾಹೀರಾತು, ಅವನೂ ಅಲ್ಲೇ ಕೂತಿದ್ದ. “ನಮ್ಮ ಬಾಣಲೆ ಎಂದೆಂದಿಗೂ ತಳ ಹಿಡಿಯುವುದಿಲ್ಲ!” ಅಂತ ಮೈಕಣ್ಣ ಒಳಗಿಂದ ಗುಡುಗಿದ. ಹೊರಗೆ ಸದ್ದಿಲ್ಲ.

“ಹೂಂ ಅನ್ನೇ.”

“ಹೇಗನ್ಲಿ? ನಮ್ಮನೇದು ಮೊನ್ನೆ ತಾನೇ ಹಿಡೀತಲ್ಲ!”

“ಅತ್ತಿಗೆ, ಉರಿ ಜಾಸ್ತಿ ಇಟ್ಟಿರ್ತೀರಿ,” ಅಂದ ಅಂಗಡಿಯವನು.

“ಹಾಗಂತ ಅದ್ರಲ್ಲಿ ಸೇರ್ಸಿ. ಸಣ್ಣ ಉರೀಲಿಟ್ರೆ ತಳ ಹಿಡಿಯಲ್ಲ ಅಂತ. ಆಗ ಹೂಂ ಅಂತೀನಿ.”

ಸೇರಿಸಿದರು. ಬಾಣಲೆ ಚೆನ್ನಾಗಿಯೇ ಹೋಯಿತು.

ಆಮೇಲೆ ಮೈಕಣ್ಣ ಕೂತು ಆ ಹೂಂಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆದು, ನುಣುಪಾದ ಮಾಲನ್ನು ಗಿರಾಕಿಗೆ ಕೊಡುತ್ತಿದ್ದ. ಕಸುಬೆಂದರೆ ಅದೇ. ಅವಳಿಗೂ ಅದು ಸರಿಯೇ. “ನನ್ನ ದನಿ ಯಾರಿಗೆ ಬೇಕು,” ಅನ್ನುವಳು. ಫೋನಿನಲ್ಲೂ ಹಾಗೇ, ಮಾತಾಡಿ ಇಟ್ಟುಬಿಡುವಳು. ಅದರಲ್ಲಿ ದನಿ ತುಂಬಿ ಕಳಿಸುವ ಗೋಜಿಗೆ ಹೋದವಳಲ್ಲ.

ಆಗ ರೋಗ ಬಂತು. ಅಂಗಡಿಗಳು ಮುಚ್ಚಿದವು, ಬೀದಿಯಲ್ಲಿ ನಾಯಿಗಳೂ ನಡುವೆ ನಿಂತು ಯಾರೂ ಇಲ್ಲವೇ ಅಂತ ನೋಡುತ್ತಿದ್ದವು. ನಗರಸಭೆಯವರು ಕಾಗದದಲ್ಲಿ ಸೂಚನೆ ಬರೆದು ಮೈಕಣ್ಣನ ಕೈಗಿತ್ತು ಈಗಿಂದೀಗಲೇ ಸಾರಬೇಕು ಅಂದರು. ಅವನು ಕಂಬಳಿ ಹೊದ್ದ, ಅವಳು ಗೋಡೆಗೊರಗಿದಳು.

“ಯಾರೂ ಮನೆಯಿಂದ ಹೊರಗೆ ಬರಬೇಡಿ.” ಹೂಂ. “ಕೈ ತೊಳೆಯುತ್ತಿರಿ.” ಹೂಂ. “ಆಸ್ಪತ್ರೆಯಲ್ಲಿ ಹಾಸಿಗೆಗಳು ಸಾಕಷ್ಟಿವೆ, ಗಾಬರಿ ಬೇಡ.”

ಹೊರಗಿಂದ ಏನೂ ಬರಲಿಲ್ಲ. ಪಕ್ಕದ ಬೀದಿಯವರೊಬ್ಬರನ್ನು ಬೆಳಗ್ಗೆ ತಾನೇ ಜಾಗವಿಲ್ಲವೆಂದು ಬಾಗಿಲಿಂದ ವಾಪಸ್ಸು ಕಳಿಸಿದ್ದು ಅವಳ ಕಿವಿಗೆ ಬಿದ್ದಿತ್ತು. ಮೈಕಣ್ಣ ಕಾದ. ಬರೆದುಕೊಟ್ಟದ್ದನ್ನು ಓದದಿದ್ದರೆ ಇದ್ದೊಂದು ಕೆಲಸವೂ ಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತು. ಬಹಳ ಹೊತ್ತಾದ ಮೇಲೆ, ಮಗುವಿಗೆ ಕಹಿ ಔಷಧಿ ಕುಡಿಸುವಾಗ ಅನ್ನುತ್ತಾರಲ್ಲ, ಹಾಗೆ ಮೆಲ್ಲಗೆ ಅಂದಳು: ಹೂಂ.

ಕತ್ತರಿಸಲು ಪುರುಸೊತ್ತಿರಲಿಲ್ಲ. ಹೂಂ ಸಮೇತ ಗಾಡಿ ಬೀದಿಗಿಳಿಯಿತು. ಬಾಗಿಲು ಹಾಕಿಕೊಂಡು ಕೂತಿದ್ದ ಊರು, ಗಂಡಸಿನ ಒಂದೊಂದು ಅಪ್ಪಣೆಯ ಹಿಂದೆಯೂ ಒಬ್ಬ ಹೆಂಗಸು ಒಪ್ಪಿಕೊಳ್ಳುವುದನ್ನು ದಿನವೂ ಕೇಳಿತು. ಅದು ಯಾರೆಂದು ಅಂಗಡಿಯವನಿಗೆ ಗೊತ್ತಿತ್ತು. ಮುಚ್ಚಿದ ಬಾಗಿಲ ಹಿಂದೆ ಅವನಿಗೆ ಆ ದಿನಗಳಲ್ಲಿ ಬಂದ ಒಂದೇ ನಗು ಅದು.

ಆಮೇಲೆ ಅತ್ತಿಗೆಗೇ ಜ್ವರ ಬಂತು. ಉಸಿರು ಹತ್ತಲಿಲ್ಲ. ಮೈಕಣ್ಣ ಸುತ್ತದ ಆಸ್ಪತ್ರೆಯಿಲ್ಲ. ಕೊನೆಗೊಂದು ಕಡೆ ಮೊಗಸಾಲೆಯ ಬೆಂಚಿನ ಮೇಲೆ ಮಲಗಿಸಿಕೊಂಡರು. ಗಂಡನನ್ನು ಒಳಗೆ ಬಿಡಲಿಲ್ಲ. ಬಾಗಿಲಲ್ಲಿ ನಿಲ್ಲಲೂ ಬಿಡದಿದ್ದಾಗ ಅವನು ಗಾಡಿ ಹತ್ತಿ ಕೆಲಸಕ್ಕೆ ಹೋದ, ಬೇರೆಲ್ಲಿ ಹೋಗುವುದು? ಆಸ್ಪತ್ರೆಯಿಂದ ಫೋನು ಬಂದದ್ದು ಪಾತ್ರೆ ಅಂಗಡಿಯ ಎದುರು. ಗಾಡಿ ನಿಂತಿತು, ಸ್ಪೀಕರು ನಿಲ್ಲಲಿಲ್ಲ. ‘ಗಾಬರಿ ಬೇಡ’ ಅಂದಿತು. ಸ್ವಲ್ಪ ಬಿಟ್ಟು, ಹೂಂ. ಅಂಗಡಿಯವನು ಕಿಟಕಿಯಿಂದ ನೋಡುತ್ತಿದ್ದ. ಮೈಕಣ್ಣ ಕೈಯಲ್ಲಿ ಫೋನು ಹಿಡಿದು ತಲೆಯೆತ್ತಿ ಸ್ಪೀಕರಿನ ಬಾಯಿಯನ್ನೇ ನೋಡುತ್ತ ನಿಂತಿದ್ದ.

ಕೆಲವು ವರ್ಷ ಕಳೆದವು. ಕಾಲೇಜಿನ ಮೇಡಂ ಒಬ್ಬರು ಬೀದಿ ಬೀದಿ ತಿರುಗಿ, ಆ ದಿನಗಳ ವಸ್ತುಗಳನ್ನೂ ಮಾತುಗಳನ್ನೂ ಕೂಡಿಸತೊಡಗಿದರು. ಸಾರ್ವಜನಿಕ ಗ್ರಂಥಾಲಯದ ಒಂದು ಕೋಣೆಯಲ್ಲಿ ಇಡುತ್ತಾರಂತೆ, ಯಾರು ಬೇಕಾದರೂ ಬಂದು ನೋಡಬಹುದಂತೆ. “ದೊಡ್ಡೋರು ಹೇಳಿದ್ದು ಎಲ್ಲ ಬರೆದಿಟ್ಟಿದ್ದಾರೆ. ನಿಮ್ಮ ಮನೇಲಿ ಏನಾಯ್ತು ಅನ್ನೋದು ಎಲ್ಲೂ ಇಲ್ಲ,” ಅಂದರು. ಅಂಗಡಿಯವನು, ಬಾಗಿಲು ಮತ್ತೆ ತೆರೆದ ಹೊಸತರಲ್ಲಿ ಗಿರಾಕಿಗಳಿಗೆ ದೂರದಿಂದಲೇ ಸಾಮಾನು ನೀಡಲು ಬಳಸುತ್ತಿದ್ದ ಉದ್ದ ಹಿಡಿಯ ಸೌಟು ಕೊಟ್ಟ. ಮುಂಚೆಯೂ ಯಾರಿಗೂ ಇದಕ್ಕಿಂತ ಹತ್ತಿರ ಕೈ ನೀಡಿದವನಲ್ಲ ಅಂತ ಮೈಕಣ್ಣ ಛೇಡಿಸಿದ.

ತಾನು ಮಾತ್ರ ಮೆಮೊರಿ ಕಾರ್ಡು ಕೊಟ್ಟ. ಲೋಕದಲ್ಲಿ ಹೆಂಡತಿಯ ದನಿ ಉಳಿದಿದ್ದದ್ದು ಅದೊಂದರಲ್ಲೇ. ಅದು ತನ್ನ ಪೆಟ್ಟಿಗೆಯಲ್ಲಿದ್ದರೆ ತಾನಿರುವವರೆಗೆ. ಆ ಕೋಣೆಯಲ್ಲಿದ್ದರೆ ಊರು ಇರುವವರೆಗೆ ಅಂತ ಅವನ ಎಣಿಕೆ. ಆದರೆ ಮೇಡಂ ಮುಂದೆ ಅವಳ ಮಾತೆತ್ತಲಿಲ್ಲ. ನಾಚಿಕೆ. ಕೇಳಿದರೆ ತಾನಾಗಿ ತಿಳಿಯುತ್ತದಲ್ಲ ಅಂದುಕೊಂಡ.

ಕೋಣೆ ತೆರೆದ ದಿನ ಒಗೆದ ಅಂಗಿ ತೊಟ್ಟು, ಅಂಗಡಿಯವನನ್ನು ಜೊತೆಗೆ ಕರೆದುಕೊಂಡು ಹೋದ. ಒಂದು ಪೆಟ್ಟಿಗೆಯ ಗುಂಡಿ ಒತ್ತಿದರೆ ಅವನ ದನಿ. “ಯಾರೂ ಮನೆಯಿಂದ ಹೊರಗೆ ಬರಬೇಡಿ.” ಖಾಲಿ. “ಕೈ ತೊಳೆಯುತ್ತಿರಿ.” ಖಾಲಿ. ಮೈಕಣ್ಣ ಬಗ್ಗಿ ಪೆಟ್ಟಿಗೆಗೆ ಕಿವಿಯಿಟ್ಟ. ಮತ್ತೆ ಒತ್ತಿದ.

“ನಡುವೆ ಒಂದು... ಇತ್ತಲ್ಲಮ್ಮ?”

“ಹೌದಣ್ಣ, ಏನೇನೋ ಸದ್ದು ಸೇರಿಕೊಂಡಿತ್ತು. ನಮ್ಮ ಹುಡುಗರು ಕೂತು ಎಲ್ಲ ತೆಗೆದ್ರು. ಈಗ ಗಾಜಿನ ಹಾಗಿದೆ ನೋಡಿ. ನಿಮಗೂ ಅನುಕೂಲ ಆಗ್ಲಿ ಅಂತ ಕಾರ್ಡಲ್ಲಿ ಹಳೇದು ಅಳಿಸಿ ಇದನ್ನೇ ಹಾಕಿದ್ದೀವಿ.”

ಮೈಕಣ್ಣ ಇನ್ನೊಮ್ಮೆ ಗುಂಡಿ ಒತ್ತಿದ. ಆ ಸದ್ದು ಯಾರದೆಂದು ಅಂಗಡಿಯವನು ಹೇಳಬೇಕಾಯಿತು. ಮೇಡಂ ಆಗಲೇ ಕಂಪ್ಯೂಟರು ಬಲ್ಲವರನ್ನೆಲ್ಲ ಕರೆಸಿದರು, ಕಾರ್ಡನ್ನು ದೂರದ ಊರಿಗೂ ಕಳಿಸಿದರು. ಎಲ್ಲಿಂದಲೂ ಏನೂ ಮರಳಿ ಬರಲಿಲ್ಲ.

“ಆ ಪೆಟ್ಟಿಗೆ ತೆಗೆಸಿಬಿಡ್ತೀನಣ್ಣ. ನೋಡೋಕಾಗ್ತಿಲ್ಲ ನನ್ನ ಕೈಲಿ,” ಅಂದರು.

“ಇರ್ಲಿ ಬಿಡಮ್ಮ. ಇಷ್ಟು ವರ್ಷ ಅವಳನ್ನ ಕತ್ತರಿಸ್ತಾ ಬಂದೋನು ನಾನೇ. ನಿಮ್ಮ ಹುಡುಗರು ನನಗಿಂತ ಚೆನ್ನಾಗಿ ಕತ್ತರಿಸಿದ್ದಾರೆ, ಅಷ್ಟೆ.”

ಮೇಡಂ, “ಹಾಗಾದ್ರೆ ಅಲ್ಲಿ ಏನಿತ್ತು, ಹೇಗೆ ಹೋಯ್ತು ಅಂತ ನೀವೇ ಹೇಳಿ. ಅಳಿಸಿದ್ದು ನಾವು ಅಂತಲೂ ಹೇಳಿ. ಅದನ್ನ ಪಕ್ಕದಲ್ಲೇ ಇಡ್ತೀನಿ. ಒಂದಕ್ಷರ ಮುಟ್ಟಲ್ಲ,” ಅಂದರು.

ಹೀಗೆ ಅದೇ ಒಳಕೋಣೆ, ಅದೇ ಕಂಬಳಿ. ಅತ್ತಿಗೆ ಒರಗುತ್ತಿದ್ದ ಕಡೆ ಗೋಡೆಯ ಸುಣ್ಣ ನುಣುಪಾಗಿ ಸವೆದಿತ್ತು. ಅಲ್ಲಿ ಕೂರಲು ಮನಸ್ಸಾಗದೆ ಅಂಗಡಿಯವನು ಹೊಸ್ತಿಲಲ್ಲಿ ಕೂತ, ಮೇಡಂ ರೆಕಾರ್ಡರು ಹಿಡಿದು ಅವನ ಪಕ್ಕದಲ್ಲಿ. ಮೈಕಣ್ಣ ಒಳಗೆ ಹೋದ. “ನನ್ನ ಹೆಂಡತಿ,” ಅಂದ. ಮಾತು ನಿಂತಿತು. ಕಂಬಳಿ ಏರಿತು, ಇಳಿಯಿತು. ಮತ್ತೆ, “ನನ್ನ ಹೆಂಡತಿ...”

“ಹೊರಗೆ ಯಾರಾದ್ರೂ ಇದ್ದೀರಾ?” ಅಂತ ಒಳಗಿಂದ ಕೇಳಿದ.

“ನಾನಿದೀನಣ್ಣ.”

“ಇದ್ರೆ ಸಾಲದು. ಹೂಂ ಅನ್ನು.”

“ಹೂಂ!”

“ಅಯ್ಯೋ, ಗಿರಾಕಿ ಕೂಗಿದ ಹಾಗಲ್ಲ. ಮೆಲ್ಲಗೆ.”

ಅಂಗಡಿಯವನು ಮೆಲ್ಲಗೆ ಅಂದ. ಒಳಗೆ ಮೈಕಣ್ಣನ ಗಂಟಲು ಬಿಟ್ಟುಕೊಂಡಿತು.

“ನನ್ನ ಹೆಂಡತಿ ಈ ಕಂಬಳಿಯ ಹೊರಗೆ ಕೂರುತ್ತಿದ್ದಳು.” ಹೂಂ. “ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು.”

ಅಂಗಡಿಯವನಿಗೆ ಬಾಣಲೆ ನೆನಪಾಯಿತು. ಬಾಯಿ ಬಿಗಿಹಿಡಿದು ಕೂತ. ಕಂಬಳಿಯೊಳಗಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು.

“ನಂಬುತ್ತಿರಲಿಲ್ಲ. ಕೆಲವನ್ನು ನನಗೋಸ್ಕರ ಒಪ್ಪಿಕೊಳ್ಳುತ್ತಿದ್ದಳು.” ಹೂಂ. “ಅವಳ ದನಿ ಉಳಿದದ್ದು ಒಂದು ಕಾರ್ಡಿನಲ್ಲಿ. ಅದು ಯಾರದೆಂದು ನಾನು ಹೇಳಲಿಲ್ಲ, ಅವರು ಅಳಿಸಿದರು.” ಹೂಂ. “ಹಾಸಿಗೆಗಳು ಸಾಕಷ್ಟಿವೆ ಅಂತ ಊರಿಗೆಲ್ಲ ಹೇಳಿದವನು ನಾನು. ಅವಳಿಗೆ ಸಿಗಲಿಲ್ಲ.”

ಅಂಗಡಿಯವನ ಬಾಯಿಂದ ಏನೂ ಹೊರಡಲಿಲ್ಲ. ಒಳಗೆ ಅವನು ಕಾಯುತ್ತಿದ್ದ. ಕೊನೆಗೆ ರೆಕಾರ್ಡರು ಹಿಡಿದು ಕೂತಿದ್ದ ಮೇಡಂ, ತಲೆ ತಗ್ಗಿಸಿ, ಕೇಳಿಯೂ ಕೇಳದ ಹಾಗೆ ಅಂದರು: ಹೂಂ.

ಈಗ ಆ ಕೋಣೆಯಲ್ಲಿ ಎರಡು ಪೆಟ್ಟಿಗೆಗಳಿವೆ, ಗಾಜಿನಂಥದ್ದೊಂದು, ಸದ್ದುಗಳಿರುವುದೊಂದು. ಎರಡನೆಯದರಲ್ಲಿ ಕೊನೆಯ ಮಾತಿಗೂ ಮೇಡಂ ಅಂದ ಹೂಂಗೂ ನಡುವೆ ಒಂದು ದೊಡ್ಡ ಖಾಲಿ ಇದೆ. ಅಲ್ಲಿ ಬರಬೇಕಿದ್ದ ಹೂಂ ಅಂಗಡಿಯವನದು. ಅದನ್ನು ಅವನು ಮೈಕಣ್ಣನಿಗೆ ಇನ್ನೂ ಕೊಡಬೇಕಿದೆ.