ಅಮರೇಶ ಬರೆದ ಕಬಡ್ಡಿ ಪುಸ್ತಕ

ಮಗಳು ಓದುತ್ತಿದ್ದ ಜಪಾನಿ ಚಿತ್ರಕಥೆಯೊಂದನ್ನು ನಿನ್ನೆ ಸುಮ್ಮನೆ ತಿರುವಿದೆ. ಹೈಸ್ಕೂಲ್ ಹುಡುಗರು ಹೆಲ್ಮೆಟ್ ಹಾಕಿಕೊಂಡು ಅಮೆರಿಕನ್ ಫುಟ್‌ಬಾಲ್ ಆಡುವ ಕಥೆ. ಅದರಲ್ಲೊಬ್ಬ ಅಂಜುಬುರುಕ ಹುಡುಗ ಚೆಂಡು ಅವಚಿಕೊಂಡು ಓಡುತ್ತಿದ್ದ. ನನಗೆ ಗೆಳೆಯ ಅಮರೇಶ ನೆನಪಾದ.

ಬಳಗಾನೂರಿನ ಶಾಲೆಯಲ್ಲಿ ಅವನು ನಮ್ಮ ಕಬಡ್ಡಿ ತಂಡದ ಕಥೆಯನ್ನು ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಿಂದ ಚಿತ್ರ ಬಿಡಿಸಿ ಬರೆಯುತ್ತಿದ್ದ. ಎಲೆ ಅಡಿಕೆ ಜಗಿಯುತ್ತಲೇ ಸೀಟಿ ಊದುವ ಆಟದ ಮಾಸ್ತರರೂ ಅದರಲ್ಲಿದ್ದರು. ಲಿಂಗಸುಗೂರಿನ ಪಂದ್ಯದಲ್ಲಿ ನಾನು ಹೆದರಿ, ಯಾರನ್ನೂ ಮುಟ್ಟದೆ ವಾಪಸು ಓಡಿಬಂದಿದ್ದೆ. ಅದನ್ನೂ ಬರೆದ. ಚಡ್ಡಿ ಹಿಡಿದುಕೊಂಡು ಓಡುವ ನನ್ನ ಚಿತ್ರ ನೋಡಿ ಇಡೀ ತರಗತಿ ನಕ್ಕಿತು. ಸಂಜೆ ನಾನು ಆ ನೋಟ್‌ಬುಕ್ ಕಸಿದುಕೊಂಡು ಕಾಲುವೆಗೆ ಎಸೆದೆ.

ಅಮರೇಶ ಬೈಯಲಿಲ್ಲ. ನೀರನ್ನೇ ನೋಡುತ್ತ ಕೇಳಿದ, “ಕಡೀ ಹಾಳಿ ನೋಡಿದಿಯೇನಲೇ? ಅದರಾಗ ನೀನ ತಂಡ ಗೆಲ್ಸಿದ್ದಿ.”

ಮರುವಾರ ಅವ್ವನನ್ನು ಕಾಡಿ ಹೊಸ ನೋಟ್‌ಬುಕ್ ತರಿಸಿ ಕೊಟ್ಟೆ. ಅವನು ಅದರಲ್ಲಿ ಗಣಿತ ಬರೆದ. ಮತ್ತೆಂದೂ ಅವನು ಚಿತ್ರ ಬಿಡಿಸಿದ್ದನ್ನು ನಾನು ಕಾಣಲಿಲ್ಲ.

ಈಗ ಅವನು ಮಸ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಇಷ್ಟು ವರ್ಷ ಅಲ್ಲಿ ಚಹಾ ಕುಡಿಯುತ್ತ ಇದೊಂದನ್ನು ಬಿಟ್ಟು ಎಲ್ಲ ಮಾತಾಡಿದ್ದೇವೆ. ನಿನ್ನೆ ಫೋನ್ ಮಾಡಿ, “ಆ ಕಬಡ್ಡಿ ಪುಸ್ತಕ ನಾ ಎಸೀಬಾರದಿತ್ತು, ಅಮರೇಶ. ನಂದು ತಪ್ಪಾತು” ಎಂದೆ.

ಅವನು ಅಂಗಡಿಗೆ ಬಂದಿದ್ದ ಗಿರಾಕಿಯನ್ನು ಆಮೇಲೆ ಬಾ ಎಂದು ಕಳಿಸಿದ. ಆಮೇಲೆ, “ಯಾವ ಪುಸ್ತಕಲೇ? ನನಗ ನೆನಪಿಲ್ಲ ಬಿಡು” ಎಂದ.

ಸುಳ್ಳು ಹೇಳುವುದು ಅವನಿಗೆ ಶಾಲೆಯಲ್ಲಿದ್ದಾಗಲೂ ಬರುತ್ತಿರಲಿಲ್ಲ.