ಎಡಗಿವಿಯ ಹಿಂದಿನ ಕುಚ್ಚು

ಕ್ಷೌರದಂಗಡಿಯಲ್ಲಿ ಮಾತಿಗೆ ಬರವಿರುವುದಿಲ್ಲ ಅನ್ನುತ್ತಾರೆ. ನನ್ನ ಬೀಗ-ಮೊಳೆಗಳ ಅಂಗಡಿಯ ಪಕ್ಕದಲ್ಲೇ ಇದ್ದ ಕ್ಷೌರದಂಗಡಿಯಲ್ಲಿ ಮಾತ್ರ ಕತ್ತರಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಅಲ್ಲಿನ ಕ್ಷೌರಿಕನಿಗೆ ಬೀದಿಯವರು ಮೂಗಣ್ಣ ಎಂದು ಹೆಸರಿಟ್ಟಿದ್ದರು. ಅವನೂ ಬೇಡ ಅನ್ನಲಿಲ್ಲ. ಬೇಡ ಅನ್ನಬೇಕಾದರೆ ಬಾಯಿ ತೆರೆಯಬೇಕಲ್ಲ.

ಕೆಲಸದಲ್ಲಿ ಅವನ ಕೈಗೆ ಸಮನಾದ ಕೈ ಇರಲಿಲ್ಲ. ಗಿರಾಕಿಯ ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ಮೊದಲು ತಲೆಯ ಮೇಲೆಲ್ಲ ಬೆರಳಾಡಿಸುವನು. ಎಲ್ಲಿ ಹಳೆಯ ಗಾಯ, ಎಲ್ಲಿ ಗಂಟು, ಎಲ್ಲಿ ಬೋಳಾಗಲು ಶುರುವಾಗಿದೆ ಎಂಬುದನ್ನು ಬೆರಳೇ ಹೇಳುತ್ತಿತ್ತು. ಆಮೇಲೆ ಯಾರೂ ಕೇಳದೆಯೇ ಆ ಕುಂದು ಮುಚ್ಚುವಂತೆ ಕೂದಲು ಬಿಡುವನು. ನನ್ನ ನೆತ್ತಿಯ ವಿಷಯದಲ್ಲಿ ನನ್ನ ಹೆಂಡತಿಗೂ ತಿಳಿಯದ್ದು ಅವನಿಗೆ ತಿಳಿದಿತ್ತು. "ತಲೆ ಗಿರಾಕೀದು, ಅದರ ಗುಟ್ಟೂ ಗಿರಾಕೀದೇ" ಅಂತ ಒಂದು ಸಲ ಅಂದಿದ್ದ. ಆ ವರ್ಷದ ಮಾತೆಲ್ಲ ಬಹುಶಃ ಅದರಲ್ಲೇ ಖರ್ಚಾಯಿತು.

ಈ ಒಳ್ಳೆಯ ಗುಣವೇ ಅವನ ಕುತ್ತಿಗೆಗೆ ಬಂತು.

ನಮ್ಮ ಬೀದಿಯ ಕೊನೆಗೆ ಒಂದು ಹಳೆಯ ಕಟ್ಟಡ. ಕೆಳಗೆ ಗೋದಾಮು, ಮೇಲೆ ಸದಾ ಕಿಟಕಿ ಮುಚ್ಚಿದ ಮಹಡಿ. ಅಲ್ಲಿ ಸೇರುವವರನ್ನು ಎಲ್ಲರೂ 'ಮಹಡಿಯವರು' ಎಂದೇ ಕರೆಯುತ್ತಿದ್ದರು. ಅವರು ಯಾರು, ಒಳಗೆ ಏನು ಮಾಡುತ್ತಾರೆ ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಯಾರಿಗಾದರೂ ಬಡ್ತಿ ಸಿಕ್ಕರೆ ಅದು ಮಹಡಿಯವರ ಕೃಪೆ. ನಲ್ಲಿ ಒಣಗಿದರೆ ಮಹಡಿಯವರ ಕೋಪ. ಹಟ ಮಾಡುವ ಮಕ್ಕಳಿಗೆ ತಾಯಂದಿರು ಆ ಕಿಟಕಿ ತೋರಿಸಿ ಹೆದರಿಸುತ್ತಿದ್ದರು. ಅದೇ ಮಕ್ಕಳು ಬೆಳೆದ ಮೇಲೆ ಅದರೊಳಗೆ ಕಾಲಿಡಲು ಹಂಬಲಿಸುತ್ತಿದ್ದರು. ಬೀಗ ಮಾರುವ ನನಗೆ ಇದರಲ್ಲಿ ಅಚ್ಚರಿಯೇನಿಲ್ಲ. ಖಾಲಿ ಪೆಟ್ಟಿಗೆಗೆ ದೊಡ್ಡ ಬೀಗ ಜಡಿದು ಬೀದಿಯಲ್ಲಿಡಿ, ಸಂಜೆಯೊಳಗೆ ಅದರಲ್ಲಿ ಚಿನ್ನವಿದೆ ಎಂದು ಊರೇ ಆಣೆ ಇಡುತ್ತದೆ.

ಹೆದರಿಕೆ ಮಾತ್ರ ಸುಳ್ಳಾಗಿರಲಿಲ್ಲ. ನಮ್ಮ ಎದುರು ಸಾಲಿನಲ್ಲಿ ಒಬ್ಬ ಫೋಟೋದವನಿದ್ದ. ಮಹಡಿಯವರು ಮೆಟ್ಟಿಲಿಳಿಯುವಾಗ ಫೋಟೋ ತೆಗೆದಿದ್ದೇನೆ ಎಂದು ಹೇಳಿಕೊಂಡು ಓಡಾಡಿದ. ಅವನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಗಿರಾಕಿಗಳು ಬರುವುದು ನಿಂತಿತು, ಅಷ್ಟೆ. ಅಂಗಡಿಯ ಮಾಲೀಕ "ಜಾಗ ನಮಗೇ ಬೇಕಾಗಿದೆ" ಅಂದ. ಟೀ ಅಂಗಡಿಯವನ ಕಣ್ಣಿಗೂ ಅವನು ಬೀಳದಾದ. ಒಂದು ಬೆಳಿಗ್ಗೆ ಅವನ ಬಾಗಿಲಿಗೆ ಬೀಗ ಬಿದ್ದಿತ್ತು, ನನ್ನ ಅಂಗಡಿಯದೇ. ಎಲ್ಲಿ ಹೋದ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೊರಗಿನವರಲ್ಲಿ ಮಹಡಿಯವರ ಗುರುತು ತಿಳಿದಿದ್ದವನು ಮೂಗಣ್ಣ ಒಬ್ಬನೇ. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ, ಹೇಳದೆ ಬೇರೆ ದಾರಿಯಿಲ್ಲದಾದಾಗ. ಒಳಗೆ ಸೇರಿದವರ ಎಡಗಿವಿಯ ಹಿಂದೆ, ಕೂದಲಿನಡಿ, ಅಂಗಿಯ ಗುಂಡಿಯಷ್ಟು ಅಗಲದ ಉಂಗುರವಿರುತ್ತಿತ್ತು. ಚರ್ಮದ ಮೇಲೆ ಬರೆ ಹಾಕಿದ ಉಂಗುರ. ಮೊದಲನೆಯ ತಲೆಯಲ್ಲಿ ಕಂಡಾಗ ಹಳೆಯ ಗಾಯವೆಂದುಕೊಂಡನಂತೆ. ಇನ್ನೊಂದು ತಲೆಯಲ್ಲೂ ಅದೇ ಸಿಕ್ಕಾಗ ಇದು ಮಹಡಿಯ ಮುದ್ರೆಯೇ ಎಂದು ಗೊತ್ತಾಯಿತಂತೆ. ಆದರೂ ಅಭ್ಯಾಸ ಬಿಡುತ್ತದೆಯೇ? ಅಲ್ಲಿ ಕೂದಲನ್ನು ತುಸು ಉದ್ದ ಬಿಟ್ಟು ಉಂಗುರ ಮುಚ್ಚಿದ. ಹೆಡ್ ಮಾಸ್ತರರಿಗೂ, ಗೋದಾಮಿನ ಯಜಮಾನರಿಗೂ, ಹಲ್ಲಿನ ಡಾಕ್ಟರಿಗೂ ಒಂದೇ ಉಪಚಾರ. ಉಂಗುರವೇನೋ ಮುಚ್ಚಿತು. ಆದರೆ ದೊಡ್ಡವರೆಲ್ಲರ ಎಡಗಿವಿಯ ಹಿಂದೆ ಒಂದೇ ತರಹದ ಕುಚ್ಚು ಎದ್ದು ನಿಂತಿತು. ಮುಚ್ಚಲು ಹೋಗಿ ಊರಿಗೇ ತೋರಿಸಿಬಿಟ್ಟೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಕುಚ್ಚಿನ ಮೇಲೆ ಕಣ್ಣು ಬಿದ್ದದ್ದು ಅವನ ಭಾವಮೈದುನನಿಗೆ. ಹೆಂಡತಿಯ ತಮ್ಮ, ನೀರಿನ ಕಚೇರಿಯಲ್ಲಿ ಗುಮಾಸ್ತ, ಅಪ್ಪಟ ಜಂಬದ ಕೋಳಿ. ಉಂಗುರದ ಸುದ್ದಿ ಅವನಿಗೇನು ಗೊತ್ತು?

"ಭಾವಾ, ನಂಗೂ ಆ ದೊಡ್ಡೋರ ಕಟಿಂಗ್ ಮಾಡಿ."

"ಯಾವ ದೊಡ್ಡೋರು?"

"ಹೆಡ್ ಮಾಸ್ಟ್ರು, ಹಲ್ಲಿನ ಡಾಕ್ಟ್ರು... ಕಿವಿ ಹಿಂದೆ ಒಂಚೂರು ಬಿಡ್ತೀರಲ್ಲ, ಅದು."

ಗೋಡೆಯ ಈಚೆ ಕೂತಿದ್ದ ನನಗೆ ಕತ್ತರಿ ನಿಂತದ್ದು ಕೇಳಿಸಿತು.

"ನಿಂಗೆ ಒಪ್ಪಲ್ಲ."

"ಯಾಕೆ? ನಂದೇನು ತಲೆನಾ, ಕುಂಬಳಕಾಯಾ?"

"ಕುಂಬಳಕಾಯಿ ಆಗಿದ್ರೆ ಬಾಯಾದ್ರೂ ಇರ್ತಿರ್ಲಿಲ್ಲ."

ಅವನು ನೇರವಾಗಿ ಅಕ್ಕನ ಬಳಿ ದೂರು ಒಯ್ದ. "ನನ್ನ ತಮ್ಮನ ತಲೇಗೆ ನಿಮ್ಮ ಕತ್ತರಿ ಸವೆದುಹೋಗುತ್ತಾ?" ಎಂದು ಆಕೆ ಊಟದ ಹೊತ್ತಿಗೆ ಶುರು ಮಾಡಿದಳು. ಯಾಕೆ ಆಗುವುದಿಲ್ಲ ಎಂದು ಹೇಳುವಂತಿಲ್ಲ. ಹೇಳದಿದ್ದರೆ ಅನ್ನ ಗಂಟಲಿಗಿಳಿಯುವಂತಿಲ್ಲ. ಮೂಗಣ್ಣ ಸೋತ.

ಮೈದುನನ ಗ್ರಹಗತಿಯೇ ತಿರುಗಿತು. ಕಚೇರಿಯಲ್ಲಿ ಕುರ್ಚಿ ಫ್ಯಾನಿನ ಕೆಳಗೆ ಬಂತು. ಮುಖ ಕೊಟ್ಟು ಮಾತಾಡದ ಸಾಹೇಬರು "ಬನ್ನಿ ಬನ್ನಿ" ಅಂದರು. ಯಾರೋ ಕೈ ಕುಲುಕುವಾಗ ಹೆಬ್ಬೆರಳು ಒತ್ತಿದರೆ ಇವನೂ ಒತ್ತಿದ. ಗುಟ್ಟು ಏನೆಂದೇ ತಿಳಿಯದವನು ಗುಟ್ಟು ಕಾಯುವವನ ಹಾಗೆ ಮೆಲ್ಲಗೆ ನಡೆಯತೊಡಗಿದ. ನನ್ನಿಂದ ಬೀಗ ಕೊಂಡಾಗ ಚೌಕಾಸಿ ಮಾಡಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆಮೇಲೆ ಅವನ ದವಡೆ ಹಲ್ಲು ನೋಯಿತು.

ಅವತ್ತು ಅವನು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಓಡಿ ಬಂದ. ಮುಖ ಸುಣ್ಣದ ಗೋಡೆ. ಮೂಗಣ್ಣ ನನ್ನ ಅಂಗಡಿಯ ಹಿಂದಿನ ಕೋಣೆಗೆ ಅವನನ್ನು ತಳ್ಳಿಕೊಂಡು ಬಂದ. ಹೆಂಡತಿಯೂ ಹಿಂದೆಯೇ ಬಂದಳು.

"ಡಾಕ್ಟ್ರು ತಲೆ ಪಕ್ಕಕ್ಕೆ ತಿರುಗಿಸಿದ್ರು, ಭಾವಾ. ಕಿವಿ ಹಿಂದೆ ಕೂದ್ಲು ಸರಿಸಿ ನೋಡಿದ್ರು. ಏನೋ ಹುಡುಕೋ ಹಾಗೆ ಬೆರಳಾಡಿಸಿದ್ರು. ಆಮೇಲೆ ಮೆತ್ತಗೆ ಕೇಳಿದ್ರು, ಈ ಕಟಿಂಗ್ ಯಾರು ಮಾಡಿದ್ದು ಅಂತ."

"ಏನಂದೆ?"

"ಅವ್ರ ಕೈಯಲ್ಲಿ ಇಕ್ಕಳ ಇತ್ತು, ಭಾವಾ."

ಆಗ ಮೂಗಣ್ಣ ಉಂಗುರದ ಕತೆಯನ್ನೆಲ್ಲ ಹೇಳಿದ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೇಳಿ ಮುಗಿಸಿ, ನನ್ನ ಅಂಗಡಿಯಾಚೆ ಕಾಣುವ ಫೋಟೋದವನ ಮುಚ್ಚಿದ ಬಾಗಿಲು ತೋರಿಸಿದ. ದಾರಿ ಹೇಳಿದ್ದು ಅವನ ಹೆಂಡತಿ.

"ಎಲ್ಲರಿಗೂ ಹಾಗೇ ಕತ್ತರಿಸಿ. ಹಮಾಲಿಗೂ ಕುಚ್ಚು, ಮಾಸ್ಟ್ರಿಗೂ ಕುಚ್ಚು. ಊರಿಗೆಲ್ಲ ಕುಚ್ಚಿದ್ರೆ ಯಾರು ಯಾರನ್ನ ಹಿಡೀತಾರೆ?"

ಹಾಗೇ ಆಯಿತು. ಹಮಾಲಿಗಳು, ಬಸ್ಸಿನ ಕಂಡಕ್ಟರುಗಳು, ಶಾಲೆಯ ಹುಡುಗರು ಎಲ್ಲರ ಎಡಗಿವಿಯ ಹಿಂದೆಯೂ ಕುಚ್ಚು. ಕೆಲವರು ಗೊಣಗಿದರು, ದೊಡ್ಡವರ ಫ್ಯಾಷನ್ ಎಂದೊಡನೆ ಎದೆಯುಬ್ಬಿಸಿಕೊಂಡು ಹೋದರು. ಪಕ್ಕದ ಊರಿನಿಂದಲೂ ಜನ ಬಂದು ಅದನ್ನೇ ಕೇಳಿದರು.

ಆದರೆ ಡಾಕ್ಟರು ಬರಲಿಲ್ಲ. ಬಾರದೆ ಇದ್ದದ್ದೇ ಭಯ. ಬಾಗಿಲಲ್ಲಿ ನೆರಳು ಬಿದ್ದರೆ ಮೂಗಣ್ಣನ ಕತ್ತರಿ ನಿಲ್ಲುತ್ತಿತ್ತು. ನಮ್ಮಿಬ್ಬರ ಮನೆಗಳಲ್ಲೂ ನಲ್ಲಿ ನೀರು ನಿಂತಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪೈಪು ಒಡೆದಿದೆ ಎಂದು ಕಣ್ಣಾರೆ ಕಂಡ ಮೇಲೂ ನಂಬಿಕೆ ಬರಲಿಲ್ಲ.

ಒಂದು ಬಿಸಿಲ ಮಧ್ಯಾಹ್ನ ಡಾಕ್ಟರು ಬಂದೇ ಬಂದರು. ಕ್ಷೌರಕ್ಕೆ ಕೂತಿದ್ದ ನನ್ನ ಒಂದು ಕೆನ್ನೆಯ ಮೇಲೆ ಇನ್ನೂ ನೊರೆ ಇತ್ತು.

"ಯಜಮಾನ್ರದು ಮುಗೀಲಿ, ಅವಸರ ಇಲ್ಲ" ಎಂದು ಬೆಂಚಿನ ಮೇಲೆ ಕೂತರು. ನನ್ನ ಗಂಟಲ ಮೇಲಿದ್ದ ಕತ್ತಿ ಅಲ್ಲೇ ನಿಂತಿತು. ಅಷ್ಟು ಶ್ರದ್ಧೆಯಿಂದ ನಾನು ಯಾವತ್ತೂ ಉಸಿರು ಹಿಡಿದಿಲ್ಲ.

ಆಮೇಲೆ ಅವರು ಕುರ್ಚಿಗೆ ಬಂದರು. "ಊರಿಗೆಲ್ಲ ಒಂದೇ ಕಟಿಂಗ್ ಆಗ್ಬಿಟ್ಟಿದೆಯಲ್ಲಪ್ಪ."

"ಫ್ಯಾಷನ್ ಸಾರ್."

"ಶುರು ಮಾಡಿದ್ದು ಯಾಕೆ?"

ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಮೂಗಣ್ಣ ಕತ್ತರಿಯನ್ನು ಬಟ್ಟೆಯಿಂದ ಒರೆಸಿದ.

"ಭುಜ ಹಿಡ್ಕೊಂಡಿದೆ ಸಾರ್. ಎಡಗಿವಿ ಹಿಂದಕ್ಕೆ ಕೈ ತಿರುಗಲ್ಲ. ಅಲ್ಲಿ ಸರಿಯಾಗಿ ಕತ್ತರಿಸೋಕೆ ಬರಲ್ಲ, ಅದಕ್ಕೇ ಹಾಗೇ ಬಿಟ್ಬಿಡ್ತೀನಿ. ಹೇಳಿದ್ರೆ ಗಿರಾಕಿ ಹೋಗ್ತಾರೆ ಅಂತ ಹೇಳಿಲ್ಲ."

ಕೈಕೆಲಸವೊಂದನ್ನೇ ನಂಬಿ ಬದುಕಿದ್ದವನು, ನನ್ನೆದುರಿಗೇ, ತನಗೆ ಕೆಲಸ ಬರುವುದಿಲ್ಲ ಅಂದ.

"ಹಾಗಾದ್ರೆ ಅಲ್ಲಿ ಏನಿದೆ ಅಂತಾನೂ ನೋಡಿಲ್ಲ?"

"ಕೈ ಹೋಗದ ಕಡೆ ಕಣ್ಣು ಯಾಕೆ ಹೋಗುತ್ತೆ ಸಾರ್?"

"ಸರಿ. ಇವತ್ತು ನಂದು ಅಲ್ಲೂ ಚಿಕ್ಕದು ಮಾಡು. ನೋಡೋಣ."

ಚೆನ್ನಾಗಿ ಕತ್ತರಿಸಿದರೆ ಸುಳ್ಳು ಹೊರಬೀಳುತ್ತದೆ. ಕೆಟ್ಟದಾಗಿ ಕತ್ತರಿಸುವುದನ್ನು ಆ ಕೈ ಕಲಿತಿರಲಿಲ್ಲ. ಮೂಗಣ್ಣ ಕತ್ತರಿ ಎತ್ತಿದ. ಮೊಣಕೈ ಅರ್ಧಕ್ಕೇ ನಿಂತು ನಡುಗಿತು. ನಟನೆಯೋ ನಿಜವೋ ನನಗೆ ತಿಳಿಯಲಿಲ್ಲ. ಕಚಕ್ ಅಂತು. ಬಿಳಿ ಬಟ್ಟೆಯ ಮೇಲೆ ರಕ್ತ ಬಿತ್ತು. ಆ ಅಂಗಡಿಯಲ್ಲಿ ನಾನು ಕಂಡ ಮೊದಲ ರಕ್ತ.

ಡಾಕ್ಟರು ಕರವಸ್ತ್ರದಿಂದ ಕಿವಿ ಒತ್ತಿಕೊಂಡು ಎದ್ದರು. "ಸಾಕು ಬಿಡು. ಕೈ ಬರಲ್ಲ ಅನ್ನೋದು ಕಾಣಿಸ್ತು." ಬಾಗಿಲಲ್ಲಿ ತಿರುಗಿ ನಿಂತರು. "ಆ ಭುಜಕ್ಕೆ ಔಷಧಿ ಮಾಡಿಸ್ಕೋಬೇಡ. ಹಾಗೇ ಇರ್ಲಿ."

ಆಮೇಲೆ ನನ್ನ ಕಡೆ ನೋಡಿದರು. "ನಿಮ್ಮ ಹಲ್ಲು ಹೇಗಿದೆ ಯಜಮಾನ್ರೇ?"

"ಗಟ್ಟಿಯಾಗಿದೆ ಡಾಕ್ಟ್ರೇ. ನಾನು ಬಾಯಿ ತೆರೆಯೋದೇ ಕಮ್ಮಿ."

ನಕ್ಕು ಹೋದರು.

ಮೈದುನ ಅವತ್ತೇ ತಲೆ ಬೋಳಿಸಿಕೊಂಡ. ಮುಂದೆಂದೂ ಯಾರ ಕೈಯನ್ನೂ ಒತ್ತಲಿಲ್ಲ. ಮೂಗಣ್ಣ ಬದುಕಿರುವಷ್ಟು ಕಾಲವೂ ಎಡಗಿವಿಯ ಹಿಂದೆ ವಕ್ರವಾಗಿಯೇ ಕತ್ತರಿಸಿದ. ನಮ್ಮ ಬೀದಿಯಲ್ಲೇ ಹೊಸ ಕ್ಷೌರದಂಗಡಿ ಎದ್ದಿತು, ಅಂದ ಬೇಕಾದವರು ಅಲ್ಲಿಗೆ ಹೋದರು. ಅವನು ತಡೆಯಲಿಲ್ಲ. ಕೊನೆಕೊನೆಗೆ ಆ ಭುಜ ನಿಜವಾಗಿಯೂ ಹಿಡಿದುಕೊಂಡಿತು. ಊಟ ಮಾಡುವಾಗಲೂ ಕೈ ಮೇಲೇಳುತ್ತಿರಲಿಲ್ಲ. ಔಷಧಿಯ ಮಾತೆತ್ತಿದರೆ ಹೆಂಡತಿ ಬಾಗಿಲ ಕಡೆ ನೋಡುತ್ತಿದ್ದಳು.

ಅವನು ಹೋದ ಮೇಲೆ ನಾನೂ ಹೊಸ ಅಂಗಡಿಗೇ ಹೋಗುತ್ತೇನೆ. ಅಲ್ಲಿಯ ಕ್ಷೌರಿಕ ಬಲು ಮಾತುಗಾರ. ಮೊನ್ನೆ ನನ್ನ ಕಿವಿಯ ಹಿಂದೆ ಬೆರಳಾಡಿಸಿ, "ಏನ್ ಯಜಮಾನ್ರೇ ಇದು, ಹಳೇ ಕಾಲದ ಕುಚ್ಚು? ತೆಗೆದುಬಿಡ್ಲಾ?" ಅಂದ.

ಕನ್ನಡಿಯಲ್ಲಿ ನನ್ನ ಹಿಂದೆ ಬೀದಿ ಕಾಣುತ್ತಿತ್ತು. ಅದರ ಕೊನೆಗೆ ಆ ಮಹಡಿ, ಮುಚ್ಚಿದ ಕಿಟಕಿಗಳು.

"ಬೇಡಪ್ಪ" ಅಂದೆ. "ಹಾಗೇ ಇರ್ಲಿ."