ಗದ್ದುಗೆಯ ಮೇಲಿನ ಎಲೆ

ಜಯನಗರದಲ್ಲಿ ನಾವು ಮನೆ ಮಾಡಿದ ಹೊಸದು. ಅರವತ್ತರ ದಶಕದ ಮಾತು. ಪಕ್ಕದ ಹಳ್ಳಿಯ ಹಾಲಿನವಳು ದಿನಾ ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು, ಕರೆದುಕೊಟ್ಟು, ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಅವಳು ಎದ್ದ ಕೂಡಲೇ ಆ ಜಾಗಕ್ಕೆ ನಾನು ಒಂದು ಚೊಂಬು ನೀರು ಹುಯ್ಯುತ್ತಿದ್ದೆ, ಅವಳೆದುರಿಗೇ. ಅವಳು ಕರೆದ ಹಾಲು ಮಾತ್ರ ನೇರ ದೇವರ ಮನೆಗೆ! ಅತ್ತೆ ಹೇಳಿಕೊಟ್ಟಿದ್ದು ಅಂತ ಈಗ ಹೇಳಿದರೆ ಯಾರು ಕೇಳುತ್ತಾರೆ? ಹುಯ್ದ ಕೈ ನನ್ನದು.

ಅವಳ ಹಳ್ಳಿಯ ಹೊಲಗಳೆಲ್ಲ ಸೈಟುಗಳಾದಾಗ, ಅಲ್ಲಿದ್ದ ಪಾಳುಮಠವೊಂದನ್ನು ಕೆಡವದೆ, ಸುತ್ತ ಹುಲ್ಲು, ಕಣಗಿಲೆ ಬೆಳೆಸಿ ಪಾರ್ಕು ಮಾಡಿದ್ದರು. ಒಂದು ಭಾನುವಾರ ಯಜಮಾನರೂ ನಾನೂ ಪುಳಿಯೋಗರೆ ಕಟ್ಟಿಕೊಂಡು ಹೋದೆವು. ಸೂರಿಲ್ಲದ ಮಠ, ನಾಲ್ಕು ಕಂಬ, ನಡುವೆ ಸೊಂಟದೆತ್ತರದ ಕಲ್ಲುಕಟ್ಟೆ.

“ಊಟದ ಮೇಜೇ ಇಟ್ಟಿದಾರಲ್ರೀ!” ಅಂದವಳು ನಾನೇ. ಅದರ ಮೇಲೆ ಮುತ್ತುಗದ ಎಲೆ ಹಾಕಿದವಳೂ ನಾನೇ.

ಉಂಡೆದ್ದು ಕೈತೊಳೆಯಲು ನಲ್ಲಿ ಹುಡುಕುತ್ತಿದ್ದೆವು. ಅಷ್ಟರಲ್ಲಿ ಹಾಲಿನವಳು ಬಂದಳು; ಜೊತೆಗೆ ಮಗಳು, ಮಗಳ ತೋಳಲ್ಲಿ ಎಳೇ ಕೂಸು.

“ಅಮ್ಮಾವ್ರೇ, ನಮ್ ಮಠಕ್ ಬಂದ್ರಾ!” ಅವಳ ಮುಖ ಅರಳಿತು. “ಮೊಮ್ಮಗ. ಮೊದಲ್ನೆವೆರಡೂ ಉಳೀಲಿಲ್ಲ ತಾಯಿ. ಇವನ್ನ ಸ್ವಾಮಿಗಳ ಗದ್ದುಗೆ ಮ್ಯಾಲೆ ಮಲಗ್ಸಿ ಬೇಡ್ಕೊಂಡ್ ಹೋಗಾಣ ಅಂತ.”

ನಾವು ಉಂಡ ಕಟ್ಟೆ ಆ ಮಠದ ಸ್ವಾಮಿಗಳ ಸಮಾಧಿ.

ಅವಳು ಎಲೆಗಳನ್ನು ನೋಡಿದಳು. “ಅಯ್ಯಯ್ಯೋ, ಗದ್ದುಗೆ ಎಂಜಲು ಮಾಡ್ಬಿಟ್ಟವ್ರಲ್ಲ! ಯಾರು ಅಂತ ನೋಡಿದ್ರಾ?”

“ಇಲ್ಲಮ್ಮ, ನಾವು ಈಗಷ್ಟೇ ಬಂದ್ವಿ” ಅಂದೆ. ಬಲಗೈ ಸೆರಗಿನೊಳಗೆ ಬಚ್ಚಿಟ್ಟೆ. ನಮ್ಮ ಯಜಮಾನರು, ಪುಣ್ಯಾತ್ಮ, ಕಣಗಿಲೆ ನೋಡುತ್ತ ನಿಂತರು.

ಅವಳು ನಮ್ಮ ಎಂಜಲೆಲೆಗಳನ್ನು ಎತ್ತಿದಳು. ತಂದಿದ್ದ ಚೊಂಬಿನ ನೀರಲ್ಲಿ ಕಲ್ಲು ತೊಳೆದಳು, ಸೆರಗಿನಿಂದ ಒರೆಸಿದಳು, ಕೂಸನ್ನು ಮಲಗಿಸಿ ಕೈಮುಗಿದಳು. ಆಮೇಲೆ ಪ್ರಸಾದದ ಬಾಳೆಹಣ್ಣು ಹಿಡಿದು ನನ್ನ ಹತ್ತಿರವೇ ಬಂದಳು. ಪ್ರಸಾದಕ್ಕೆ ಎಡಗೈ ಒಡ್ಡುವುದು ಹೇಗೆ? ಪುಳಿಯೋಗರೆಯ ಎಣ್ಣೆ, ಅರಿಸಿನ ಮೆತ್ತಿದ ಬಲಗೈಯನ್ನೇ ಹೊರಗೆ ತೆಗೆದೆ. ಅವಳು ಕೈ ನೋಡಿದಳು, ಹಣ್ಣು ಇಟ್ಟಳು, ಕೂಸನ್ನು ಎತ್ತಿಕೊಂಡು ಹೋದಳು. ಆ ಹೊತ್ತಿಗೆ ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನವೂ ಬಂದು ಹಾಲು ಕರೆದು ಕಾಫಿ ಕುಡಿದಳು. ಒಳಗಿನಿಂದ ಅತ್ತೆ “ನೀರು ಹುಯ್ದೆಯೇನೇ?” ಎಂದು ಕೂಗಿದರು. ಚೊಂಬು ಹಿಡಿದು ನಿಂತೇ ಇದ್ದೆ.

“ಕೊಡಿ ತಾಯಿ, ನಾನೇ ತೊಳ್ದ್ ಹೋಗ್ತೀನಿ” ಅಂದಳು, ಮೆಲ್ಲಗೆ. “ನಿನ್ನೆ ನಿಮ್ಮದೂ ನಾನೇ ತೊಳೆದ್ನಲ್ಲ.”

ಬೇಡ ಅನ್ನಬಹುದಿತ್ತು. ಒಳಗೆ ಅತ್ತೆ ಇದ್ದರು. ಚೊಂಬು ಕೊಟ್ಟೆ.